ಹೀಲ್ ಅಂಡ್ ಟೋ ಚಾಲನಾ ತಂತ್ರ

ಹೀಲ್ ಅಂಡ್ ಟೋ ಎಂಬುದು ಕೈಯಿಂದ ಗೇರು ಬದಲಾಯಿಸುವ ವಾಹನಗಳಲ್ಲಿ, ಬ್ರೇಕ್ ಹಾಕುತ್ತಿರುವಾಗಲೇ ಮೇಲಿನ ಗೇರಿನಿಂದ ಕೆಳಗಿನ ಗೇರಿಗೆ ಇಳಿಯಲು ಬಳಸುವ ಚಾಲನಾ ತಂತ್ರ. ಚಾಲಕರು ಎಡಗಾಲಿನಿಂದ ಕ್ಲಚ್ ತುಳಿದು, ಬಲಗಾಲು ಒಂದರಿಂದಲೇ ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡನ್ನೂ ನಿಭಾಯಿಸುತ್ತಾರೆ. ಎಂಜಿನ್ನಿನ ಸುತ್ತುವಿಕೆಯನ್ನು ಕೆಳಗಿನ ಗೇರಿಗೆ ತಕ್ಕ ಮಟ್ಟಕ್ಕೆ ಮುಂಚಿತವಾಗಿ ಏರಿಸಿ, ಕ್ಲಚ್ ಬಿಟ್ಟಾಗ ವಾಹನ ಜಗ್ಗದಂತೆ ಮತ್ತು ಚಕ್ರಗಳು ಹಿಡಿತ ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಇದರ ಉದ್ದೇಶ. ಕಾರಿನ ಪಂದ್ಯಗಳಲ್ಲಿ ಬೆಳೆದ ಈ ತಂತ್ರದ ಮೂಲತತ್ತ್ವ ಘಾಟಿ ರಸ್ತೆಯ ಸಾಮಾನ್ಯ ಚಾಲನೆಗೂ ಅನ್ವಯಿಸುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ಅಜ್ಜಂಪುರ, ತರೀಕೆರೆ ತಾಲ್ಲೂಕುಗಳ ಬಯಲು ಮತ್ತು ಗಿರಿಯ ರಸ್ತೆಗಳು ಈ ತತ್ತ್ವವನ್ನು ಅರಿಯಲು ತಕ್ಕ ನಿದರ್ಶನಗಳಾಗಿವೆ.

ಹೆಸರು

ಇಂಗ್ಲಿಷಿನಲ್ಲಿ 'ಹೀಲ್' ಎಂದರೆ ಹಿಮ್ಮಡಿ, 'ಟೋ' ಎಂದರೆ ಕಾಲ್ಬೆರಳು. ಹಳೆಯ ಕಾರುಗಳಲ್ಲಿ ಪೆಡಲುಗಳ ನಡುವೆ ಅಂತರ ಹೆಚ್ಚಿದ್ದುದರಿಂದ ಪಾದದ ಮುಂಭಾಗವನ್ನು ಬ್ರೇಕಿನ ಮೇಲಿಟ್ಟು, ಹಿಮ್ಮಡಿಯನ್ನು ಹೊರಳಿಸಿ ಆಕ್ಸಿಲರೇಟರನ್ನು ಒತ್ತುತ್ತಿದ್ದರು. ಈಗಿನ ಕಾರುಗಳಲ್ಲಿ ಈ ಎರಡು ಪೆಡಲುಗಳು ಹತ್ತಿರವಿರುವುದರಿಂದ ಹಿಮ್ಮಡಿಯನ್ನು ಬಳಸಬೇಕಾದ ಸಂದರ್ಭ ಕಡಿಮೆ. ಪಾದದ ಮುಂಭಾಗದ ಎಡ ಅರ್ಧ ಬ್ರೇಕಿನ ಮೇಲೆಯೇ ಉಳಿದು, ಬಲ ಅಂಚು ವಾಲಿ ಆಕ್ಸಿಲರೇಟರನ್ನು ತಟ್ಟುತ್ತದೆ. ಆದರೂ ಹಳೆಯ ಹೆಸರೇ ಉಳಿದುಬಂದಿದೆ. ಎಂಜಿನ್ನಿನ ಸುತ್ತನ್ನು ಹೀಗೆ ಒಮ್ಮೆ ಏರಿಸುವುದನ್ನು ಕನ್ನಡದ ಆಡುಮಾತಿನಲ್ಲಿ 'ರೇಸ್ ಕೊಡುವುದು' ಎನ್ನುತ್ತಾರೆ.

ತತ್ತ್ವ

ಗೇರು ಹಾಕಿ ಕ್ಲಚ್ ಬಿಟ್ಟಿರುವಾಗ ಎಂಜಿನ್ ಮತ್ತು ಚಕ್ರಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ವಾಹನದ ವೇಗ ಅಷ್ಟೇ ಇದ್ದರೂ ಪ್ರತಿಯೊಂದು ಗೇರಿನಲ್ಲಿಯೂ ಎಂಜಿನ್ ಬೇರೆ ಬೇರೆ ವೇಗದಲ್ಲಿ ಸುತ್ತಬೇಕಾಗುತ್ತದೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಚಕ್ರದ ಸುತ್ತಳತೆ 1.85 ಮೀಟರ್ ಇರುವ ಒಂದು ಕಾರಿನಲ್ಲಿ, ಚಕ್ರ ಒಂದು ಸುತ್ತು ಬರಲು ಎಂಜಿನ್ ಮೊದಲನೆಯ ಗೇರಿನಲ್ಲಿ 14, ಎರಡನೆಯದರಲ್ಲಿ 7.8, ಮೂರನೆಯದರಲ್ಲಿ 5.2 ಮತ್ತು ನಾಲ್ಕನೆಯದರಲ್ಲಿ 3.88 ಸುತ್ತು ಬರುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರವು ನಿಮಿಷಕ್ಕೆ ಸುಮಾರು 540 ಸುತ್ತು ತಿರುಗುತ್ತದೆ. ಆಗ ಎಂಜಿನ್ ನಾಲ್ಕನೆಯ ಗೇರಿನಲ್ಲಿ ನಿಮಿಷಕ್ಕೆ ಸುಮಾರು 2,100, ಮೂರನೆಯದರಲ್ಲಿ 2,800, ಎರಡನೆಯದರಲ್ಲಿ 4,200 ಮತ್ತು ಮೊದಲನೆಯದರಲ್ಲಿ 7,500ಕ್ಕೂ ಹೆಚ್ಚು ಸುತ್ತು ಬರಬೇಕಾಗುತ್ತದೆ.

ಇದೇ ಕಾರು ನಾಲ್ಕನೆಯ ಗೇರಿನಲ್ಲಿ ಒಂದು ತಿರುವಿನತ್ತ ಬರುತ್ತಿದ್ದು, ಬ್ರೇಕಿನಿಂದ ವೇಗ 40 ಕಿ.ಮೀ.ಗೆ ಇಳಿದಿದೆ ಎನ್ನೋಣ. ಆಗ ಎಂಜಿನ್ ಸುಮಾರು 1,400 ಸುತ್ತಿನಲ್ಲಿರುತ್ತದೆ. ಎರಡನೆಯ ಗೇರಿಗೆ ಬೇಕಾದದ್ದು 2,800 ಸುತ್ತು, ಅಂದರೆ ಅದರ ಎರಡರಷ್ಟು. ಕ್ಲಚ್ ತುಳಿದು ಗೇರು ಹಾಕಿ ಹಾಗೆಯೇ ಕ್ಲಚ್ ಬಿಟ್ಟರೆ ಈ ಹೆಚ್ಚುವರಿ 1,400 ಸುತ್ತನ್ನು ಎಂಜಿನ್ನಿಗೆ ಕೊಡುವ ಕೆಲಸ ಚಕ್ರಗಳ ಮೇಲೆ ಬೀಳುತ್ತದೆ. ಚಕ್ರಗಳು ಎಂಜಿನ್ನನ್ನು ಎಳೆದು ತಿರುಗಿಸಬೇಕು. ಆ ಕ್ಷಣದಲ್ಲಿ ವಾಹನ ಮುಂದಕ್ಕೆ ಜಗ್ಗುವುದು ಇದರಿಂದಲೇ.

ಟಯರು ಮತ್ತು ನೆಲದ ನಡುವಣ ಹಿಡಿತಕ್ಕೆ ಒಂದು ಮಿತಿ ಇದೆ. ಬ್ರೇಕ್ ಆಗಲೇ ಅದರ ಬಹುಪಾಲನ್ನು ಬಳಸುತ್ತಿರುತ್ತದೆ. ಅದರ ಮೇಲೆ ಎಂಜಿನ್ನನ್ನು ಎಳೆಯುವ ಹೊರೆಯೂ ಸೇರಿದರೆ ಹಿಡಿತ ತಪ್ಪಿ ಚಕ್ರ ಜಾರುತ್ತದೆ. ಹಿಂಚಕ್ರ ಚಾಲನೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಅಪಾಯ ಹೆಚ್ಚು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲಿ ಹಿಂಭಾಗ ಹಗುರವಾಗುತ್ತದೆ. ಇಳಿಜಾರಿನಲ್ಲಿ ಅದು ಇನ್ನಷ್ಟು ಹಗುರವಾಗುತ್ತದೆ. ಅದೇ ಹೊತ್ತಿಗೆ ಹಿಂಚಕ್ರಗಳು ಜಾರಿದರೆ ಕಾರು ತನ್ನ ಸುತ್ತಲೇ ತಿರುಗಿಬಿಡಬಹುದು. ಮುಂಚಕ್ರ ಚಾಲನೆಯ ಕಾರುಗಳಲ್ಲಿ ಮುಂಚಕ್ರಗಳು ಜಾರಿ, ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರವಾಗಿ ಹೊರಟುಹೋಗಬಹುದು. ಎಬಿಎಸ್ ವ್ಯವಸ್ಥೆಯು ಬ್ರೇಕಿನ ಒತ್ತಡವನ್ನು ಮಾತ್ರ ಸಡಿಲಿಸಬಲ್ಲುದು. ಎಂಜಿನ್ನಿನ ಎಳೆತದಿಂದ ಜಾರುವ ಚಕ್ರವನ್ನು ಅದು ತಾನಾಗಿ ಬಿಡಿಸಲಾರದು.

ಕ್ಲಚ್ ತುಳಿದಿರುವಾಗ ಆಕ್ಸಿಲರೇಟರನ್ನು ಒಮ್ಮೆ ತಟ್ಟಿದರೆ ಎಂಜಿನ್ ತನ್ನ ಇಂಧನದಿಂದಲೇ ಬೇಕಾದ ಸುತ್ತಿಗೆ ಏರುತ್ತದೆ. ಚಕ್ರಗಳಿಗೆ ಆ ಹೊರೆ ತಪ್ಪುತ್ತದೆ. ಆದರೆ ಬಲಗಾಲು ಬ್ರೇಕಿನ ಮೇಲಿರುತ್ತದೆ, ಎಡಗಾಲು ಕ್ಲಚ್ಚಿನ ಮೇಲಿರುತ್ತದೆ. ಮೂರು ಪೆಡಲುಗಳಿಗೆ ಎರಡೇ ಕಾಲು ಎಂಬ ಈ ತೊಡಕಿಗೆ ಪರಿಹಾರವಾಗಿ ಹೀಲ್ ಅಂಡ್ ಟೋ ರೂಪುಗೊಂಡಿತು.

ಕ್ರಮ

1. ತಿರುವಿಗೆ ಮೊದಲು, ಕಾರು ನೇರವಾಗಿ ಹೋಗುತ್ತಿರುವಾಗಲೇ, ಬಲಪಾದದ ಮುಂಭಾಗದಿಂದ ಬ್ರೇಕನ್ನು ದೃಢವಾಗಿ ಒತ್ತಬೇಕು.
2. ವೇಗವು ಕೆಳಗಿನ ಗೇರಿಗೆ ತಕ್ಕಷ್ಟು ಇಳಿದ ಮೇಲೆ ಎಡಗಾಲಿನಿಂದ ಕ್ಲಚ್ ತುಳಿಯಬೇಕು.
3. ಎಡಗೈಯಿಂದ ಗೇರಿನ ಸನ್ನೆಯನ್ನು ಕೆಳಗಿನ ಗೇರಿಗೆ ಸರಿಸಬೇಕು.
4. ಬ್ರೇಕಿನ ಒತ್ತಡ ಬದಲಾಗದಂತೆ ಬಲಪಾದದ ಅಂಚನ್ನು ವಾಲಿಸಿ ಆಕ್ಸಿಲರೇಟರನ್ನು ಒಮ್ಮೆ ತಟ್ಟಬೇಕು.
5. ಎಂಜಿನ್ನಿನ ಸುತ್ತು ಏರಿರುವಾಗಲೇ ಕ್ಲಚ್ಚನ್ನು ನಯವಾಗಿ ಬಿಡಬೇಕು.
6. ಬ್ರೇಕನ್ನು ಕ್ರಮೇಣ ಸಡಿಲಿಸುತ್ತ ತಿರುವಿಗೆ ಹೊರಳಿ, ತಿರುವಿನ ಕೊನೆಯಲ್ಲಿ ಆಕ್ಸಿಲರೇಟರ್ ಒತ್ತಬೇಕು.

ನುರಿತವರಲ್ಲಿ ಎರಡರಿಂದ ಐದರವರೆಗಿನ ಹಂತಗಳು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತವೆ. ಗೇರು ಬಿದ್ದದ್ದು ಕಿವಿಗೆ ಕೇಳಿಸಿದರೂ ಮೈಗೆ ತಿಳಿಯದಿದ್ದರೆ ತಂತ್ರ ಸರಿಯಾಗಿ ನಡೆದಿದೆ ಎಂದರ್ಥ. ಪಕ್ಕದಲ್ಲಿ ಕುಳಿತವರ ತಲೆ ಮುಂದಕ್ಕೆ ಬಾಗಿದರೆ ಸುತ್ತು ಸಾಲದಾಗಿದೆ, ಕಾರು ಮುಂದಕ್ಕೆ ನುಗ್ಗಿದರೆ ಸುತ್ತು ಹೆಚ್ಚಾಗಿದೆ.

ಡಬಲ್ ಕ್ಲಚ್ಚಿಗೂ ಇದಕ್ಕೂ ಇರುವ ವ್ಯತ್ಯಾಸ

ಈ ಎರಡನ್ನೂ ಒಂದೇ ಎಂದು ಭಾವಿಸುವುದುಂಟು. ಸಿಂಕ್ರೊಮೆಶ್ ಇಲ್ಲದ ಗೇರುಪೆಟ್ಟಿಗೆಯ ಹಳೆಯ ಲಾರಿ, ಬಸ್ಸುಗಳಲ್ಲಿ ಚಾಲಕರು ಒಮ್ಮೆ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ರೇಸ್ ಕೊಟ್ಟು, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರು ಹಾಕುತ್ತಿದ್ದರು. ಇದೇ ಡಬಲ್ ಕ್ಲಚ್. ಇಲ್ಲಿ ಸರಿಹೊಂದಿಸುವುದು ಗೇರುಪೆಟ್ಟಿಗೆಯ ಒಳಗಿನ ದಂಡ ಮತ್ತು ಹಲ್ಲುಚಕ್ರಗಳ ವೇಗವನ್ನು. ಹಾಗೆ ಮಾಡದಿದ್ದರೆ ಹಲ್ಲುಗಳು ಕರ್ಕಶವಾಗಿ ತಿಕ್ಕಿ ಗೇರು ಬೀಳುತ್ತಲೇ ಇರಲಿಲ್ಲ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಸಿಂಕ್ರೊಮೆಶ್ ಬಳಕೆಗೆ ಬಂದಿತು. ಅದು ವ್ಯಾಪಕವಾದ ಮೇಲೆ ಹಲ್ಲುಚಕ್ರಗಳನ್ನು ಸರಿಹೊಂದಿಸುವ ಕೆಲಸವನ್ನು ಗೇರುಪೆಟ್ಟಿಗೆಯೇ ವಹಿಸಿಕೊಂಡಿತು.

ಆದರೆ ಸಿಂಕ್ರೊಮೆಶ್ ಎಂಜಿನ್ನಿನ ವೇಗವನ್ನು ಸರಿಪಡಿಸುವುದಿಲ್ಲ. ಅದನ್ನು ಚಾಲಕರೇ ಮಾಡಬೇಕು ಅಥವಾ ಕ್ಲಚ್ ತಟ್ಟೆಯ ತಿಕ್ಕಾಟಕ್ಕೆ ಬಿಡಬೇಕು. ಆದ್ದರಿಂದ ಈಗಿನ ಕಾರುಗಳಲ್ಲಿ ಡಬಲ್ ಕ್ಲಚ್ ಅನಗತ್ಯವಾದರೂ ಹೀಲ್ ಅಂಡ್ ಟೋ ತನ್ನ ಪ್ರಯೋಜನವನ್ನು ಉಳಿಸಿಕೊಂಡಿದೆ. ಸಿಂಕ್ರೊಮೆಶ್ ಇಲ್ಲದ ಹಳೆಯ ರೇಸ್ ಕಾರುಗಳಲ್ಲಿ ಎರಡನ್ನೂ ಒಟ್ಟಿಗೆ ಮಾಡಬೇಕಾಗುತ್ತಿತ್ತು.

ಪೆಡಲುಗಳ ಜೋಡಣೆ

ಈ ತಂತ್ರ ಸಾಧ್ಯವಾಗುವುದು ಬಹುಮಟ್ಟಿಗೆ ಪೆಡಲುಗಳ ಜೋಡಣೆಯನ್ನು ಅವಲಂಬಿಸಿದೆ. ಗಮನಿಸಬೇಕಾದ ಅಂಶಗಳು ಮುಖ್ಯವಾಗಿ ಮೂರು.

ಎತ್ತರ: ಬ್ರೇಕನ್ನು ಗಟ್ಟಿಯಾಗಿ ಒತ್ತಿದ ಸ್ಥಿತಿಯಲ್ಲಿ ಅದು ಆಕ್ಸಿಲರೇಟರಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಎತ್ತರದಲ್ಲಿ ನಿಲ್ಲಬೇಕು. ಬಿಟ್ಟ ಸ್ಥಿತಿಯ ಎತ್ತರವನ್ನು ನೋಡಿ ನಿರ್ಣಯಿಸುವುದು ತಪ್ಪು. ಒತ್ತಿದ ಬ್ರೇಕ್ ಆಕ್ಸಿಲರೇಟರಿಗಿಂತ ಕೆಳಗೆ ಹೋದರೆ, ಬ್ರೇಕ್ ತುಳಿಯುವ ಪಾದವೇ ಅರಿವಿಲ್ಲದೆ ಆಕ್ಸಿಲರೇಟರನ್ನೂ ಒತ್ತುವ ಅಪಾಯವಿದೆ. ಬ್ರೇಕ್ ಬಹಳ ಎತ್ತರದಲ್ಲಿ ನಿಂತರೆ ಪಾದದ ಅಂಚು ಆಕ್ಸಿಲರೇಟರನ್ನು ಮುಟ್ಟುವುದಿಲ್ಲ. ನಿಂತ ಕಾರಿನಲ್ಲಿ ಇದನ್ನು ಪರೀಕ್ಷಿಸುವಾಗ ಎಂಜಿನ್ ಚಾಲೂ ಇರಬೇಕು. ಎಂಜಿನ್ ನಿಲ್ಲಿಸಿದ ಮೇಲೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕಿನ ಸಹಾಯಕ ನಿರ್ವಾತ ಮುಗಿದು ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಕಾಣುವ ಎತ್ತರ ನಿಜವಾದದ್ದಲ್ಲ.

ಅಂತರ: ಎರಡು ಪೆಡಲುಗಳ ನಡುವಣ ತೆರಪು ಪಾದದ ಅಗಲಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ಆದರೆ ಒಂದನ್ನು ತುಳಿಯಲು ಹೋಗಿ ಎರಡನ್ನೂ ತುಳಿಯುವಷ್ಟು ಕಡಿಮೆ ಇರಬಾರದು. ಬಲಬದಿಯ ಚಾಲನೆಯ ಭಾರತೀಯ ಕಾರುಗಳಲ್ಲಿಯೂ ಎಡದಿಂದ ಬಲಕ್ಕೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಎಂಬ ಕ್ರಮವೇ ಇದೆ. ಚಿಕ್ಕ ಕಾರುಗಳಲ್ಲಿ ಬಲ ಮುಂಚಕ್ರದ ಗೂಡು ಒಳಗೆ ಚಾಚಿಕೊಂಡು ಪೆಡಲುಗಳನ್ನು ಎಡಕ್ಕೆ ತಳ್ಳಿರುವುದೂ ಉಂಟು. ಆಗ ಚಾಲಕರು ತುಸು ಓರೆಯಾಗಿ ಕೂರಬೇಕಾಗುತ್ತದೆ.

ಆಸನ ಮತ್ತು ಪಾದರಕ್ಷೆ: ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ತುಸು ಬಾಗಿರುವಂತೆ ಆಸನವನ್ನು ಹೊಂದಿಸಬೇಕು. ತೆಳುವಾದ, ಕಿರಿದಾದ ಅಟ್ಟೆಯ ಬೂಟು ಒಳ್ಳೆಯದು. ಹಿಮ್ಮಡಿಗೆ ಪಟ್ಟಿಯಿಲ್ಲದ ಚಪ್ಪಲಿ ಜಾರಿ ಪೆಡಲಿನ ಕೆಳಗೆ ಸಿಲುಕಬಹುದು.

ಪಂದ್ಯದ ಕಾರುಗಳಲ್ಲಿ ಆಕ್ಸಿಲರೇಟರಿಗೆ ಅಗಲವಾದ ಲೋಹದ ತಟ್ಟೆಯನ್ನು ಬೋಲ್ಟಿನಿಂದ ಬಿಗಿದು, ಅಥವಾ ಅದರ ಅಡಿಯಲ್ಲಿ ಬಿಲ್ಲೆಯನ್ನಿಟ್ಟು ಎತ್ತರ ಮತ್ತು ಅಂತರವನ್ನು ಸರಿಪಡಿಸುತ್ತಾರೆ. ಬ್ರೇಕಿನ ತಳ್ಳುಕಡ್ಡಿಯನ್ನು ಉದ್ದಮಾಡಿ ಪೆಡಲನ್ನು ಎತ್ತರಿಸುವುದು ಮಾತ್ರ ಅಪಾಯಕರ. ಪೆಡಲಿಗೆ ಇರಬೇಕಾದ ಅಲ್ಪ ಸಡಿಲ ಇಲ್ಲವಾದರೆ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಲೇ ಇದ್ದು ಕಾಯುತ್ತದೆ. ಸರಿಯಾಗಿ ಬಿಗಿಯದ ಅಲಂಕಾರಿಕ ಪೆಡಲು ಕವಚಗಳು, ಮೇಲಿಂದ ಮೇಲೆ ಹಾಸಿದ ಮ್ಯಾಟುಗಳು ಆಕ್ಸಿಲರೇಟರನ್ನು ಸಿಲುಕಿಸಿಬಿಡಬಹುದು. ಈಚಿನ ಅನೇಕ ಕಾರುಗಳಲ್ಲಿ ಬ್ರೇಕ್ ಮತ್ತು ಆಕ್ಸಿಲರೇಟರ್ ಒಟ್ಟಿಗೆ ಒತ್ತಿದರೆ ಗಣಕ ವ್ಯವಸ್ಥೆಯು ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ. ಸುರಕ್ಷತೆಗಾಗಿ ಇರುವ ಈ ಏರ್ಪಾಟಿನಿಂದ ಕೆಲವು ಕಾರುಗಳಲ್ಲಿ ಹೀಲ್ ಅಂಡ್ ಟೋ ಫಲ ಕೊಡುವುದಿಲ್ಲ.

ಕಡೂರು, ಅಜ್ಜಂಪುರ, ತರೀಕೆರೆ ರಸ್ತೆಗಳಲ್ಲಿ

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ರಸ್ತೆಯ ಸ್ವರೂಪ ಒಂದೇ ತೆರನಾಗಿಲ್ಲ. ಕಡೂರು ಬಯಲುಸೀಮೆಯ ತಾಲ್ಲೂಕು. ಬೀರೂರಿನ ಮೂಲಕ ತರೀಕೆರೆಯತ್ತ ಸಾಗುವ ಶಿವಮೊಗ್ಗದ ಹೆದ್ದಾರಿ ಇಲ್ಲಿ ಬಹುಮಟ್ಟಿಗೆ ಸಮತಟ್ಟಾಗಿದೆ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರದ ಸುತ್ತಲೂ ಹೊಲಗಳ ಮತ್ತು ಅಮೃತಮಹಲ್ ಕಾವಲುಗಳ ನಡುವೆ ಸಾಗುವ ರಸ್ತೆಗಳಿವೆ. ಇಂಥ ಕಡೆ ಗೇರು ಇಳಿಸಬೇಕಾಗುವುದು ಊರಿನ ಪ್ರವೇಶದಲ್ಲಿ, ರಸ್ತೆ ಉಬ್ಬುಗಳಲ್ಲಿ, ಟ್ರ್ಯಾಕ್ಟರ್ ಅಥವಾ ದನಗಳು ಅಡ್ಡ ಬಂದಾಗ. ಅಲ್ಲಿ ಸಮಯವಿರುತ್ತದೆ. ಬ್ರೇಕ್ ಹಾಕಿ, ವೇಗ ತಗ್ಗಿದ ಮೇಲೆ ಗೇರು ಬದಲಿಸಿ, ಕ್ಲಚ್ಚನ್ನು ನಿಧಾನವಾಗಿ ಬಿಟ್ಟರೆ ಸಾಕು. ಹೀಲ್ ಅಂಡ್ ಟೋ ಬೇಕಾಗುವುದಿಲ್ಲ.

ತರೀಕೆರೆ ತಾಲ್ಲೂಕಿನ ಪಶ್ಚಿಮ ಭಾಗದಲ್ಲಿ ಪರಿಸ್ಥಿತಿ ಬದಲಾಗುತ್ತದೆ. ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿಯ ಮೂಲಕ ಕೆಮ್ಮಣ್ಣುಗುಂಡಿಗೆ ಏರುವ ರಸ್ತೆ ಬಾಬಾಬುಡನ್ ಗಿರಿಶ್ರೇಣಿಯ ಮೈಯನ್ನು ಸುತ್ತಿಕೊಂಡು ಹೋಗುತ್ತದೆ. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿದೆ. ಏರುವಾಗ ಎಂಜಿನ್ನಿಗೆ ಶ್ರಮ, ಇಳಿಯುವಾಗ ಬ್ರೇಕಿಗೆ ಶ್ರಮ.

ಆ ಶ್ರಮ ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. ಜನರೂ ಸೇರಿ 1,200 ಕಿಲೋಗ್ರಾಂ ತೂಗುವ ಕಾರು 500 ಮೀಟರ್ ಎತ್ತರವನ್ನು ಇಳಿದರೆ ಸುಮಾರು 59 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. 20 ಡಿಗ್ರಿಯಲ್ಲಿರುವ 17 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಗಾಳಿಯ ತಡೆ ಮತ್ತು ಟಯರುಗಳ ಉರುಳುವಿಕೆ ಇದರಲ್ಲಿ ಒಂದು ಪಾಲನ್ನು ತೆಗೆದುಕೊಳ್ಳುತ್ತವೆ. ಉಳಿದದ್ದನ್ನು ಎಂಜಿನ್ ಹೀರಿಕೊಳ್ಳದಿದ್ದರೆ ಅಷ್ಟೂ ಶಾಖವಾಗಿ ಬ್ರೇಕಿಗೆ ಸೇರುತ್ತದೆ. ಬ್ರೇಕ್ ಅತಿಯಾಗಿ ಕಾಯ್ದಾಗ ಪ್ಯಾಡುಗಳ ಹಿಡಿತ ಕುಗ್ಗುತ್ತದೆ. ಡಾಟ್-3 ದರ್ಜೆಯ ಬ್ರೇಕ್ ದ್ರವ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕೆಂಬುದು ನಿಯಮ. ಗಾಳಿಯ ತೇವವನ್ನು ಹೀರಿ ಹಳತಾದಾಗ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದು ಗುಳ್ಳೆಯೆದ್ದರೆ ಪೆಡಲು ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಏರಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕು ಎಂದು ಘಾಟಿಯ ಚಾಲಕರು ಹೇಳುವುದರ ಅರ್ಥ ಇದೇ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ ತಾನೇ ವಾಹನವನ್ನು ತಡೆದು ಹಿಡಿಯುತ್ತದೆ. ಈ ಗೇರನ್ನು ಇಳಿಜಾರು ಆರಂಭವಾಗುವ ಮೊದಲೇ ಹಾಕಿಕೊಳ್ಳುವುದು ಉತ್ತಮ. ಇಳಿಜಾರಿನ ಮಧ್ಯೆ ಕ್ಲಚ್ ತುಳಿದಷ್ಟು ಹೊತ್ತೂ ಎಂಜಿನ್ನಿನ ತಡೆ ಇಲ್ಲವಾಗಿ ಕಾರಿನ ವೇಗ ಏರುತ್ತದೆ. ಬ್ರೇಕಿನಿಂದ ಕಾಲು ತೆಗೆದು ರೇಸ್ ಕೊಡಲು ಹೋದರೆ ಆ ಕ್ಷಣದಲ್ಲಿ ಎರಡು ತಡೆಗಳೂ ಇರುವುದಿಲ್ಲ. ಬ್ರೇಕನ್ನು ಬಿಡದೆಯೇ ಗೇರು ಇಳಿಸಲು ಅವಕಾಶ ಕೊಡುವುದರಿಂದ ಹೀಲ್ ಅಂಡ್ ಟೋ ಇಂಥ ಕಡೆ ಉಪಯುಕ್ತ. ಮಳೆಗಾಲದಲ್ಲಿ ರಸ್ತೆಯ ಮೇಲೆ ಕೆಸರು, ಎಲೆಗಳು ಹರಡಿರುವಾಗ ಚಕ್ರಗಳ ಹಿಡಿತ ಕಡಿಮೆಯಾಗಿ, ಕ್ಲಚ್ಚನ್ನು ಥಟ್ಟನೆ ಬಿಡುವುದು ಇನ್ನೂ ಅಪಾಯಕರ. ಈ ತಂತ್ರ ಬಾರದವರು ಮುಂಚಿತವಾಗಿ ಗೇರು ಇಳಿಸಿ, ಅದರಲ್ಲಿಯೇ ಉಳಿದರೆ ಅಷ್ಟೇ ಸುರಕ್ಷಿತವಾಗಿ ಇಳಿಯಬಹುದು. ನ್ಯೂಟ್ರಲ್‌ನಲ್ಲಿ ಇಳಿಯುವುದು ಯಾವ ಸಂದರ್ಭದಲ್ಲಿಯೂ ಸಲ್ಲದು.

ಸಾಮಾನ್ಯ ತಪ್ಪುಗಳು

ಬೇಗ ಗೇರು ಇಳಿಸುವುದು ಇವುಗಳಲ್ಲಿ ದುಬಾರಿಯಾದದ್ದು. ಮೇಲಿನ ಉದಾಹರಣೆಯಲ್ಲಿ 60 ಕಿ.ಮೀ. ವೇಗದಲ್ಲಿ ಮೂರನೆಯ ಗೇರಿನ ಬದಲು ತಪ್ಪಿ ಮೊದಲನೆಯದಕ್ಕೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ 7,500 ಸುತ್ತನ್ನು ದಾಟುತ್ತದೆ. 6,500 ಸುತ್ತಿನ ಮಿತಿಯ ಎಂಜಿನ್ನಿನಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಮುರಿಯಬಹುದು. ಎಂಜಿನ್ನಿನ ರಕ್ಷಣೆಗಿರುವ ಇಂಧನ ಕಡಿತದ ವ್ಯವಸ್ಥೆ ಇದನ್ನು ತಡೆಯಲಾರದು. ಏಕೆಂದರೆ ಎಂಜಿನ್ನನ್ನು ತಿರುಗಿಸುತ್ತಿರುವುದು ಇಂಧನವಲ್ಲ, ಚಕ್ರಗಳು.

ರೇಸ್ ಕೊಡುವಾಗ ಬ್ರೇಕಿನ ಒತ್ತಡ ಏರಿಳಿಯುವುದು ಹೊಸಬರಲ್ಲಿ ಕಾಣುವ ಮತ್ತೊಂದು ತಪ್ಪು. ಕಣ್ಣು ಪೆಡಲುಗಳತ್ತ ಹೋಗುವುದು, ಸುತ್ತು ಏರಿ ಇಳಿದ ಮೇಲೆ ಕ್ಲಚ್ ಬಿಡುವುದು, ತಿರುವಿನ ಒಳಗೆ ಬಂದ ಮೇಲೆ ಗೇರು ಬದಲಿಸುವುದು ಇತರ ತಪ್ಪುಗಳು.

ಪಂದ್ಯಗಳಲ್ಲಿ

ಬ್ರೆಜಿಲ್ಲಿನ ಅಯರ್ಟನ್ ಸೆನ್ನಾ ಜಪಾನಿನ ಸುಝುಕಾ ಪಥದಲ್ಲಿ ಹೋಂಡಾ ಎನ್‌ಎಸ್‌ಎಕ್ಸ್ ಕಾರನ್ನು ಓಡಿಸುವಾಗ ಅವರ ಪಾದಗಳ ಚಲನೆಯನ್ನು ಚಿತ್ರೀಕರಿಸಿದ ದೃಶ್ಯ ಈ ತಂತ್ರದ ಪ್ರಸಿದ್ಧ ನಿದರ್ಶನ. ಫಾರ್ಮುಲಾ ಒನ್‌ನಲ್ಲಿ 1989ರಲ್ಲಿ ಫೆರಾರಿ ತಂಡವು ಸ್ಟಿಯರಿಂಗ್ ಹಿಂದಿನ ಸನ್ನೆಗಳಿಂದ ಗೇರು ಬದಲಿಸುವ ಅರೆಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಬಳಕೆಗೆ ತಂದಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿ ಹೀಲ್ ಅಂಡ್ ಟೋ ಮರೆಯಾಯಿತು.

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ಏಷ್ಯಾ-ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆದಿವೆ. ಈ ಚಾಂಪಿಯನ್‌ಷಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ದೊರೆಯಿತು. ಇಂಥ ಅಂತರರಾಷ್ಟ್ರೀಯ ದರ್ಜೆಯ ರ್ಯಾಲಿ ಕಾರುಗಳಲ್ಲಿ ಈಗ ಸನ್ನೆಯನ್ನು ಹಿಂದೆ ಮುಂದೆ ಎಳೆದರೆ ಸಾಕಾಗುವ ಸೀಕ್ವೆನ್ಷಿಯಲ್ ಗೇರುಪೆಟ್ಟಿಗೆ ಇರುತ್ತದೆ. ಕ್ಲಚ್ ಬೇಕಾಗುವುದು ಮುಖ್ಯವಾಗಿ ಹೊರಡುವಾಗ ಮಾತ್ರ. ಆದ್ದರಿಂದ ಚಾಲಕರು ಎಡಗಾಲಿನಿಂದ ಬ್ರೇಕ್, ಬಲಗಾಲಿನಿಂದ ಆಕ್ಸಿಲರೇಟರ್ ನಿಭಾಯಿಸುತ್ತಾರೆ. ತಿರುವಿನಲ್ಲಿ ಆ ಕಾರುಗಳಿಂದ ಕೇಳಿಬರುವ ಗರ್ಜನೆಯನ್ನು ಹೀಲ್ ಅಂಡ್ ಟೋ ಎಂದು ತಿಳಿಯುವುದು ಸರಿಯಲ್ಲ. ಭಾರತದ ರ್ಯಾಲಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮಾರುತಿ ಜಿಪ್ಸಿ, ಎಸ್ಟೀಮ್‌ನಂಥ ಸಾಮಾನ್ಯ ಗೇರುಪೆಟ್ಟಿಗೆಯ ಕಾರುಗಳಿಗೆ ಈ ತಂತ್ರ ಹೊಂದುತ್ತದೆ.

ಇಂದಿನ ಸ್ಥಿತಿ

2009ರ ಮಾದರಿಯ ನಿಸಾನ್ 370ಝಡ್ ಕಾರಿನಲ್ಲಿ, ಕೈಯಿಂದ ಗೇರು ಬದಲಿಸಿದಾಗ ಎಂಜಿನ್ನಿನ ಸುತ್ತನ್ನು ತಾನಾಗಿ ಸರಿಹೊಂದಿಸುವ ವ್ಯವಸ್ಥೆ ಬಂದಿತು. ಅನಂತರ ಇತರ ಸ್ಪೋರ್ಟ್ಸ್ ಕಾರುಗಳೂ ಇದನ್ನು ಅಳವಡಿಸಿಕೊಂಡವು. ಸ್ವಯಂಚಾಲಿತ ಗೇರಿನ ಕಾರುಗಳಲ್ಲಿ ಈ ಕೆಲಸವನ್ನು ಯಂತ್ರವೇ ಮಾಡುತ್ತದೆ. ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ ಬದಲಿಸಬೇಕಾದ ಗೇರೂ ಇಲ್ಲ, ಕ್ಲಚ್ಚೂ ಇಲ್ಲ.

ಕಲಿಕೆ ಮತ್ತು ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 189ನೆಯ ಕಲಮಿನ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಪಂದ್ಯ ಅಥವಾ ವೇಗಪರೀಕ್ಷೆ ನಡೆಸುವುದು ಶಿಕ್ಷಾರ್ಹ. ಆದ್ದರಿಂದ ವೇಗದ ಅಭ್ಯಾಸಕ್ಕೆ ಮುಚ್ಚಿದ ಪಥ ಅಥವಾ ಖಾಸಗಿ ಬಯಲೇ ತಕ್ಕ ಸ್ಥಳ.

ಕಲಿಕೆಯನ್ನು ಹಂತಗಳಲ್ಲಿ ಮಾಡುವುದು ವಾಡಿಕೆ. ಮೊದಲು ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ, ಬ್ರೇಕಿನ ಒತ್ತಡ ಬದಲಾಗದಂತೆ ಆಕ್ಸಿಲರೇಟರ್ ತಟ್ಟುವುದನ್ನು ರೂಢಿಸಿಕೊಳ್ಳುತ್ತಾರೆ. ಎರಡನೆಯದಾಗಿ, ಬ್ರೇಕ್ ಬಳಸದೆ, ಕ್ಲಚ್ ತುಳಿದಿರುವಾಗ ರೇಸ್ ಕೊಟ್ಟು ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಯುತ್ತ ಸುತ್ತಿನ ಅಂದಾಜು ಕಲಿಯುತ್ತಾರೆ. ಕೊನೆಗೆ ಎರಡನ್ನೂ ಸೇರಿಸಿ ಕಡಿಮೆ ವೇಗದಲ್ಲಿ ಅಭ್ಯಾಸ ಮಾಡುತ್ತಾರೆ. ಹಗುರವಾಗಿ ಬ್ರೇಕ್ ಹಾಕಿದಾಗ ಪೆಡಲು ಹೆಚ್ಚು ಇಳಿಯದೆ ಆಕ್ಸಿಲರೇಟರಿಗಿಂತ ಎತ್ತರದಲ್ಲಿಯೇ ಉಳಿಯುವುದರಿಂದ, ನಿಧಾನ ಚಾಲನೆಯಲ್ಲಿ ಈ ತಂತ್ರ ಕಷ್ಟವೆನಿಸುತ್ತದೆ. ಬ್ರೇಕನ್ನು ಬೇಗ ಆರಂಭಿಸಿ ಸಾಕಷ್ಟು ದೃಢವಾಗಿ ಒತ್ತುವುದನ್ನು ಕಲಿತ ಮೇಲೆ ಪಾದದ ಅಂಚಿಗೆ ಆಕ್ಸಿಲರೇಟರ್ ತಾನಾಗಿ ಎಟುಕುತ್ತದೆ.